ನೆರಳಿನ ಬದಿಯ ಸೀಟು

ಈ ಬೆಳಿಗ್ಗೆ ಬ್ಯಾಗು ತೊಳೆಯಲೆಂದು ಅದರ ಜೇಬುಗಳನ್ನೆಲ್ಲ ಹೊರಗೆಳೆದಾಗ ಒಂದು ದಸ್ತಿ ಸಿಕ್ಕಿತು. ಕರವಸ್ತ್ರಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ. ಹಸಿರು ಚೌಕಳಿ, ಒಂದು ಮೂಲೆ ಹರಿದಿದೆ. ಎರಡು ವರ್ಷವಾದರೂ ಅದರಲ್ಲಿ ಬಾಳೆಹಣ್ಣಿನ ವಾಸನೆ ಉಳಿದಿದೆ ಅನ್ನಿಸಿತು. ಗಣಿತ ಕಲಿಸುವವಳು ಹೀಗೆಲ್ಲ ಹೇಳಬಾರದು. ವಾಸನೆ ಅಷ್ಟು ದಿನ ಉಳಿಯಲಾರದು. ಆದರೂ ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ನಿಂತೆ.

ದಸ್ತಿಯ ವಿಷಯ ನಿಮಗೆ ಹೇಳಬೇಕು. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಜನ ಹೊರಗಿನಿಂದ ಕಿಟಕಿಯೊಳಗೆ ದಸ್ತಿ ಎಸೆಯುತ್ತಾರೆ. ಅದು ಬಿದ್ದ ಸೀಟು ಅವರದು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂತವರನ್ನು ನಾನು ನೋಡಿಲ್ಲ. ಇದು ಅನಾಗರಿಕ ಪದ್ಧತಿ ಎಂದು ನನಗೆ ದೃಢವಾದ ಅಭಿಪ್ರಾಯವಿತ್ತು. ಹಾಗಾಗಿ ಕಮಲಾಪುರದ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೊದಲ ವರ್ಷವೆಲ್ಲ ನಾನು ನಾಗರಿಕಳಾಗಿ, ನಿಂತುಕೊಂಡೇ ಹೋದೆ.

ಮರುವರ್ಷ ಎಡ ಎದೆಯಲ್ಲಿ ಗಂಟು. ಕ್ಯಾನ್ಸರ್ ಎಂದರು. ಶಸ್ತ್ರಚಿಕಿತ್ಸೆ ಬೇಸಿಗೆ ರಜೆಯಲ್ಲೇ ಮುಗಿಯಿತು. ಆಮೇಲೆ ವಾರಕ್ಕೆ ಐದು ದಿನದಂತೆ ನಾಲ್ಕು ವಾರ ರೇಡಿಯೇಷನ್. ನಮ್ಮಂಥವರಿಗೆ ಉದ್ದ ರಜೆ ಎಂಬುದಿಲ್ಲ. ತಿಂಗಳು ಕಾಣದಿದ್ದರೆ ಆ ಜಾಗದಲ್ಲಿ ಬೇರೊಬ್ಬರು ಕೂತಿರುತ್ತಾರೆ. ಆ ಕೆಲಸ ನನಗೆ ಬೇಕಿತ್ತು. ಯಾರ ಮರುಕದ ಕಣ್ಣೂ ಬೇಕಿರಲಿಲ್ಲ. ಎಂಟಕ್ಕೆ ಆಸ್ಪತ್ರೆ, ಒಂಬತ್ತೂ ಕಾಲಿಗೆ ಬಸ್ಸು, ಹತ್ತೂವರೆಗೆ ಮೊದಲ ಪಾಠ. ಕಲಬುರಗಿಯ ಗಾಜಿಪುರ ಬಡಾವಣೆಯ ನಮ್ಮ ಮನೆಯಲ್ಲಿ ಅಪ್ಪ ಅಮ್ಮನ ಹೊರತು ಯಾರಿಗೂ ತಿಳಿಸಲಿಲ್ಲ.

ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ನೋವಿಲ್ಲ. ಗುರಿ ತಪ್ಪದಿರಲೆಂದು ಎದೆಯ ಮೇಲೆ ನೇರಳೆ ಮಸಿಯ ಗೆರೆ ಎಳೆದಿದ್ದರು, ಅಳಿಸುವಂತಿಲ್ಲ. ನಮ್ಮದು ವೈಷ್ಣವರ ಮನೆ, ಅಪ್ಪ ದಿನವೂ ಸ್ನಾನ ಮಾಡಿ ಗೋಪೀಚಂದನದ ಮುದ್ರೆ ಹಾಕಿಕೊಳ್ಳುವವರು. "ನಿಮ್ಮ ಮುದ್ರಿ ದಿನಾ ಹೊಸಾದು, ನಂದು ತಿಂಗಳಿಗೊಂದ" ಎಂದೆ. ಅವರು ನಗಲಿಲ್ಲ. ಮರುದಿನ ತಮ್ಮ ಹಳೆಯ, ಮೆತ್ತಗಾದ ಧೋತರವನ್ನು ಅಮ್ಮನ ಕೈಗಿಟ್ಟರು. ಅಮ್ಮ ಅದನ್ನು ಹರಿದು ನನಗೆ ಸಡಿಲವಾದ ಒಳಂಗಿ ಹೊಲಿದಳು.

ಎರಡನೆಯ ವಾರಕ್ಕೆ ಚರ್ಮ ಕೆಂಪಾಯಿತು, ಆಮೇಲೆ ಕಪ್ಪಾಯಿತು, ಕಂಕುಳ ಬಳಿ ಉರಿ. ಬ್ಯಾಗು ಬಲ ಹೆಗಲಿಗೆ ಬಂತು. ಸುವಾಸನೆಯ ಸೋಪು, ಪೌಡರು ಹೋದವು. ದಣಿವು ಮಾತ್ರ ವಿಚಿತ್ರ, ನಿದ್ದೆ ಮಾಡಿದರೂ ಇಳಿಯುವುದಿಲ್ಲ. ಕುರ್ಚಿಯಲ್ಲಿ ಕೂತು, ಮಕ್ಕಳನ್ನೇ ಬೋರ್ಡಿಗೆ ಕರೆದು ಲೆಕ್ಕ ಬಿಡಿಸಲು ಹೇಳತೊಡಗಿದೆ. ಇದು ಹೊಸ ಬೋಧನಾ ಕ್ರಮ ಎಂದೆ. ಪ್ರಿನ್ಸಿಪಾಲರು ಮೆಚ್ಚಿದರು.

ಬಸ್ಸಿನದೇ ಕಷ್ಟ. ಉರಿಯುವ ಚರ್ಮಕ್ಕೆ ಬಿಸಿಲೂ ತಾಗಬಾರದು, ಯಾರ ಮೊಣಕೈಯೂ ತಾಗಬಾರದು. ಅಂದರೆ ಎಡ ಸಾಲಿನ ಕಿಟಕಿ ಸೀಟೇ ಆಗಬೇಕು. ಬೆಳಿಗ್ಗೆ ಆ ದಾರಿಯಲ್ಲಿ ನೆರಳು ಆ ಬದಿಗೆ. ಬೇರೆಲ್ಲರಿಗೂ ಅದೇ ಬೇಕು.

ಆ ಬಸ್ಸಿಗೆ ಮಲ್ಲಮ್ಮ ಎಂಬವರು ಬರುತ್ತಿದ್ದರು. ನಸುಕಿನಲ್ಲೇ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಕಲಬುರಗಿಯ ಜಗತ್ ವೃತ್ತದ ಅಂಗಡಿಗಳಿಗೆ ಹಾಕಿ, ಖಾಲಿ ಬುಟ್ಟಿಯೊಂದಿಗೆ ಮರಳುವವರು. ಒಂದು ದಿನ ಬೆವರಿಗೆ ಮಸಿ ಇಳಿದು ನನ್ನ ಬಿಳಿ ಕುರ್ತಾಕ್ಕೆ ಹತ್ತಿತ್ತು.

"ಟೀಚರಬಾಯಿ, ಮಸಿ ಹತ್ತ್ಯದ ನೋಡ್ರಿ."

"ಪೆನ್ನು ಒಡೀತು."

"ಎದಿಮ್ಯಾಗ ಪೆನ್ನ ಇಟಗೋತೀರೇನು?" ಎಂದು ನಕ್ಕರು.

ಮರುದಿನ ಎಡ ಸಾಲಿನ ಕಿಟಕಿ ಸೀಟಿನ ಮೇಲೆ ಹಸಿರು ದಸ್ತಿ. ಪಕ್ಕದಲ್ಲಿ ಮಲ್ಲಮ್ಮ, ತೊಡೆಯ ಮೇಲೆ ಬುಟ್ಟಿಯಿಟ್ಟುಕೊಂಡು ಗೋಡೆಯಂತೆ ಕೂತಿದ್ದರು. "ಬರ್ರಿ, ಒಳಗ ಸರೀರಿ. ನನಗ ಕಿಟಕಿಗಾಳಿ ಆಗಂಗಿಲ್ಲ."

ಹಿಂದೆ ನಿಂತವನೊಬ್ಬ ಕೆರಳಿದ. "ಏನಬೇ, ಬಸ್ಸೇನ್ ನಿಮ್ಮಪ್ಪಂದಾ?"

"ನಮ್ಮಪ್ಪಂದಿದ್ರ ನಿನ್ನ ಹತ್ತಿಸ್ಕೊಂತಿದ್ನೇನು?"

ನನಗೆ ಕೃತಜ್ಞತೆಗಿಂತ ಮುಜುಗರವೇ ಹೆಚ್ಚಾಯಿತು. ಇವರಿಗೆ ಏನೋ ಕೇಳುವುದಿದೆ, ಅದಕ್ಕೇ ಈ ಉಪಚಾರ ಎಂದುಕೊಂಡೆ. ದಿನವೂ ಪುಸ್ತಕ ತೆರೆದು ಅಡ್ಡ ಹಿಡಿದೆ. ಅವರು ದಿನವೂ ದಸ್ತಿ ಹಾಕಿದರು, ಏನೂ ಕೇಳಲಿಲ್ಲ.

ಹದಿನೇಳನೆಯ ದಿನ ಬಸ್ಸಿನಲ್ಲಿದ್ದಾಗಲೇ ಮೊಬೈಲಿಗೆ ಪರೀಕ್ಷಾ ಡ್ಯೂಟಿಯ ಪಟ್ಟಿ ಬಂತು. ಮರುದಿನದಿಂದ ಮೂರು ದಿನ ಬೆಳಿಗ್ಗೆ ಎಂಟೂವರೆಗೆ ಕಾಲೇಜಿನಲ್ಲಿರಬೇಕು. ಆಸ್ಪತ್ರೆಯದೂ ಮೂರೇ ದಿನ ಉಳಿದಿತ್ತು. ಇಪ್ಪತ್ತಕ್ಕೆ ಹದಿನೇಳು, ಅಂದರೆ ಶೇಕಡ ಎಂಬತ್ತೈದು. ಸಾಕು, ಪಾಸು ಎಂದು ನನ್ನ ತಲೆ ಲೆಕ್ಕ ಹಾಕಿತು. ಗಣಿತದವರು ಮಾತ್ರ ಮಾಡಬಹುದಾದ ಮೂರ್ಖತನವದು.

"ನಾಳಿಂದ ಮೂರ ದಿನ ನನಗ ಸೀಟ್ ಹಿಡೀಬ್ಯಾಡ್ರಿ," ಎಂದೆ. "ನಸುಕಿನ ಬಸ್ಸಿಗೆ ಹೋಗ್ತೀನಿ."

"ಮತ್ತ ಕರಂಟು?"

ರೇಡಿಯೇಷನ್ನಿಗೆ ಜನ ಹಾಗೆನ್ನುತ್ತಾರೆ. ನಾನು ಪುಸ್ತಕ ಮುಚ್ಚಿದೆ.

"ನಮ್ಮ ತಂಗಿಗೂ ಇದ ನೇರಳಿ ಗೆರಿ ಹಾಕಿದ್ರವ್ವಾ. ನಾನ ಕರಕೊಂಡು ಹೋಗ್ತಿದ್ದೆ. ತೊಗರಿ ರಾಶಿ ಬಂತಂತ ಐದ ದಿನದ್ದು ಉಳಿಸಿ ಬಿಟ್ಟಳು. ರಾಶಿ ಮುಗಿಸಿ ಹೋಗ್ತೀನಂದಳು. ಹೋಗಲಿಲ್ಲ."

"ಈಗ?"

"ಈಗೆಲ್ಲಿ ಅದಾಳ. ಆ ಐದರ ಸಲುವಾಗೇ ಹೋದಳಂತ ನಾ ಅನ್ನಂಗಿಲ್ಲ, ಡಾಕ್ಟರೂ ಅನ್ನಲಿಲ್ಲ. ಆದ್ರ ನನಗ ದಿನಾ ಆ ಐದ ನೆನಪಾಗ್ತಾವ." ಆಮೇಲೆ ನನ್ನ ಕಡೆ ನೋಡದೆ, "ಬಾಯಿಲೆ ಹೇಳಾಕ ನಾಚಿಕಿ ಬಂದ್ರ ಚೀಟಿ ಬರದು ಕೊಡ್ರಿ. ಓದಿದೋರಿದ್ದೀರಿ" ಎಂದರು.

ಚೀಟಿ ಬರೆದೆ, ಹರಿದೆ. ಪ್ರಿನ್ಸಿಪಾಲರ ಮುಂದೆ ನಿಂತು ಎರಡು ವಾಕ್ಯದಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೊದಲ ಹೇಳಬಾರದೇನ್ರಿ ಮೇಡಂ? ಮಧ್ಯಾಹ್ನದ ಡ್ಯೂಟಿ ಹಾಕ್ತೀನಿ. ಕೆಲಸ ಬಿಡ್ರಿ ಅನ್ನಾಕ ಗಣಿತಕ್ಕ ನನಗ ಬ್ಯಾರೆ ಯಾರದಾರ?" ಡ್ಯೂಟಿ ಪಟ್ಟಿ ತಿದ್ದುತ್ತ, "ಮತ್ತ ಆ ಕುಂತು ಪಾಠ ಮಾಡೋ ಪದ್ಧತಿ?"

"ಅದೂ ಇದಕ್ಕೇ, ಸರ್."

"ಅಯ್ಯೋ, ಎಲ್ಲಾರೂ ಹಂಗ ಮಾಡ್ರಿ ಅಂತ ಮೀಟಿಂಗಿನ್ಯಾಗ ಹೇಳೀನಲ್ರಿ!"

ಇಪ್ಪತ್ತೂ ಮುಗಿದವು. ಕೊನೆಯ ದಿನ ಮಲ್ಲಮ್ಮ ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ, ನನ್ನ ಬ್ಯಾಗಿನ ಪಟ್ಟಿಯ ಕೆಳಗೆ ಹೆಗಲ ಮೇಲಿಟ್ಟರು. "ಇರಲಿ, ಪಟ್ಟಿ ಒತ್ತಂಗಿಲ್ಲ." ಅವರಿಗೆ ಏನಾದರೂ ಹೇಳಿದೆನೋ ಇಲ್ಲವೋ ನೆನಪಿಲ್ಲ. ಇಲ್ಲವೆಂದೇ ತೋರುತ್ತದೆ. ಮುಂದಿನ ವರ್ಷ ನನ್ನ ಪಾಠಗಳು ಮಧ್ಯಾಹ್ನಕ್ಕೆ ಬಿದ್ದು ಬಸ್ಸು ಬದಲಾಯಿತು.

ಈ ಬೆಳಿಗ್ಗೆ ಬ್ಯಾಗು ತೊಳೆಯುವುದನ್ನು ಅಲ್ಲಿಗೇ ಬಿಟ್ಟು, ದಸ್ತಿ ಹಿಡಿದು ಒಂಬತ್ತೂ ಕಾಲಿನ ಬಸ್ಸಿಗೆ ಹೋದೆ. ನಿಲ್ದಾಣದ ಆ ತುದಿಯಲ್ಲಿ ಮಲ್ಲಮ್ಮ ಕಂಡರು. ಬುಟ್ಟಿ ಸೊಂಟದ ಮೇಲೆ, ನಡಿಗೆ ನಿಧಾನವಾಗಿದೆ. ಅಷ್ಟರಲ್ಲಿ ಬಸ್ಸು ಬಂತು, ಜನ ಓಡಿದರು. ನಾನೂ ಓಡಿದೆ. ನಾನೆಸೆದ ಹಸಿರು ದಸ್ತಿ ಮೊದಲ ಸಲ ಕಿಟಕಿಯ ಸರಳಿಗೆ ತಾಗಿ ನನ್ನ ಕಾಲ ಬಳಿಯೇ ಬಿತ್ತು. ಎತ್ತಿ ಮತ್ತೆ ಎಸೆದೆ. ಎಡ ಸಾಲಿನ ಕಿಟಕಿ ಸೀಟಿನ ಮೇಲೆ ಬಿತ್ತು. ಕಿಟಕಿಗಾಳಿ ಆಗುವುದಿಲ್ಲ ಎಂದು ಮಲ್ಲಮ್ಮ ಹೇಳಿದ್ದು ಸುಳ್ಳೆಂದು ನನಗೆ ಅಂದೇ ಗೊತ್ತಿತ್ತು.

ಹತ್ತಿ ಪಕ್ಕದಲ್ಲಿ ಕೂತೆ. ಕಾಲೇಜಿನ ಹುಡುಗಿಯೊಬ್ಬಳು ಬಂದು, "ಯಾರ ಬರ್ತಾರ್ರಿ ಇಲ್ಲಿ?" ಎಂದಳು.

"ನಮ್ಮೋರು," ಎಂದೆ. "ಬರಾಕತ್ತಾರ. ಬುಟ್ಟಿ ಅದ, ಸಾವಕಾಶ ಬರ್ತಾರ."