ಓದದೆ ಹಾಕಿದ ಇಪ್ಪತ್ತು ಗುರುತುಗಳು

ನಾನು ನನ್ನ ತಮ್ಮನಿಗೆ ಸತ್ಯವೇದ ಓದಿ ಹೇಳಲಿಲ್ಲ. ಓದಿ ಹೇಳಿದೆ ಎಂದು ಸುಳ್ಳು ಹೇಳಿದೆ. ಎರಡನ್ನೂ ಮಾಡಿದವಳು ನಾನೇ — ಏಳನೇ ಕ್ಲಾಸು ಓದಿದ ಜಂಭದ ಈ ಹೆಂಗಸು.

ಸಾಮುವಿಗೆ ಅಕ್ಷರ ಬಾರದು. ಅಪ್ಪ ಹಾಸಿಗೆ ಹಿಡಿದಾಗ ಅವನನ್ನು ಶಾಲೆ ಬಿಡಿಸಿದರು, ನನ್ನನ್ನು ಬಿಡಿಸಲಿಲ್ಲ. ಈಗ ಇಂದಿರಾನಗರದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ. ನಲವತ್ತು ದಾಟಿದ ಮೇಲೆ, ಮೂರು ವರ್ಷದ ಹಿಂದೆ, ಅವನಿಗೆ ದೃಢೀಕರಣ ತೆಗೆದುಕೊಳ್ಳುವ ಆಸೆ ಬಂತು. ಅದಾಗದವರು ನಮ್ಮ ಚರ್ಚಿನ ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿಗೆ, ದ್ರಾಕ್ಷಾರಸಕ್ಕೆ ಕೈ ಚಾಚುವಂತಿಲ್ಲ. ದೊಡ್ಡವರೆಲ್ಲ ಎದ್ದು ಮುಂದೆ ಹೋಗುವಾಗ ಅವನು ಚಿಕ್ಕ ಮಕ್ಕಳ ಜೊತೆ ಬೆಂಚಿನಲ್ಲೇ ಕೂತಿರುತ್ತಿದ್ದ. ಅದರಿಂದ ಅವನಿಗೆ ಎಷ್ಟು ನೋವಾಗಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ —

ಸಭೆಯ ಪಾದ್ರಿ ಅಯ್ಯನವರು ಒಂದು ಪಟ್ಟಿ ಕೊಟ್ಟರು. ಸತ್ಯವೇದದ ಒಂದು ಸುವಾರ್ತೆ, ಇಪ್ಪತ್ತನಾಲ್ಕು ಅಧ್ಯಾಯ. ವಾರಕ್ಕೆ ಆರು ದಿನ, ನಾಲ್ಕು ವಾರ. ಓದಿದ ದಿನ ಚೌಕದಲ್ಲಿ ಗುರುತು ಹಾಕಬೇಕು, ಕೊನೆಗೆ ಓದಿ ಹೇಳಿದವರ ಸಹಿ. ನಾನು ಓದುತ್ತೇನೆ ಎಂದು ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಒಪ್ಪಿಕೊಂಡೆ. ಮಾತಿಗೆ ನಾನು ಯಾವತ್ತೂ ಮುಂದು.

ಸಾಮು ಬೆಳಿಗ್ಗೆ ಹತ್ತಕ್ಕೆ ಕೈಕಾಲು ತೊಳೆದು ಚಾಪೆ ಹಾಸಿ ಕೂರುತ್ತಿದ್ದ. ಹನ್ನೊಂದಕ್ಕೆ ಕಗ್ಗದಾಸಪುರದಿಂದ ಬಸ್ಸು ಹಿಡಿಯಬೇಕು. ಅಧ್ಯಾಯಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ನನ್ನ ಹತ್ತಿರ ಇರಲಿಲ್ಲವಂತೆ! ಒಂದು ದಿನ ನೀರಿನ ಟ್ಯಾಂಕರ್ ಬಂತು. ಒಂದು ದಿನ ಎದುರು ಮನೆಯವಳು ಸೊಸೆಯ ದೂರು ಹೊತ್ತು ಬಂದಳು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಮಿಕ್ಕ ದಿನ ಫೋನು. ಯಾರೋ ಯಾರಿಗೋ ಸೀರೆ ಉಡಿಸುವುದು, ಯಾರದೋ ನಾಯಿ ಕುಣಿಯುವುದು — ಅದನ್ನು ನೋಡಲು ನನಗೆ ಪುರುಸೊತ್ತಿತ್ತು. ದೇವರ ವಾಕ್ಯಕ್ಕಿಂತ, ಕಾದು ಕೂತ ತಮ್ಮನಿಗಿಂತ, ನಾಯಿಯ ಕುಣಿತ ಹೆಚ್ಚಾಯಿತು. ಅಸಹ್ಯ ಎನ್ನಿಸುತ್ತದೆ ಬರೆಯುವಾಗ. ಎನ್ನಿಸಲಿ.

ಅವನು ಒಮ್ಮೆಯೂ ಒತ್ತಾಯ ಮಾಡಲಿಲ್ಲ. "ಇವತ್ತು ಆಗುತ್ತೇನಕ್ಕಾ?" ಎನ್ನುತ್ತಿದ್ದ. ನಾನು ತಲೆ ಎತ್ತದೆ, "ನಾಳೆ ಕಣೋ" ಎನ್ನುತ್ತಿದ್ದೆ. ಅವನು ಚಾಪೆ ಸುತ್ತಿಟ್ಟು ಕೆಲಸಕ್ಕೆ ಹೋಗುತ್ತಿದ್ದ.

ಓದಿದ್ದು ನಾಲ್ಕು ಅಧ್ಯಾಯ. ಗುರುತು ಮಾತ್ರ ಶನಿವಾರ ಶನಿವಾರ ತಪ್ಪದೆ ಬಿತ್ತು. ಒಂದೇ ಸಲ ಹಾಕಿದ್ದು ಎಂದು ಕಾಣಬಾರದಲ್ಲ — ಎರಡು ನೀಲಿ ಪೆನ್ನಿನಲ್ಲಿ, ಮೂರು ಕಪ್ಪಿನಲ್ಲಿ, ಒಂದನ್ನು ಸ್ವಲ್ಪ ಓರೆಯಾಗಿ. ಅಧ್ಯಾಯ ಓದಲು ಇಲ್ಲದ ತಾಳ್ಮೆ ಮೋಸಕ್ಕೆ ಇತ್ತು. ಕೊನೆಗೆ ಸಹಿಯನ್ನೂ ಹಾಕಿದೆ, ಕೊಂಬು ಎಳೆದು, ಚಂದವಾಗಿ.

ಹಲಸೂರಿನ ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಅಯ್ಯನವರು ಅವನನ್ನು ಮುಂದೆ ಕರೆದರು. ಕಷ್ಟದ ಪ್ರಶ್ನೆ ಏನಲ್ಲ. ಕೊನೆಯ ಅಧ್ಯಾಯಗಳಲ್ಲಿ ನಿನಗೆ ಹಿಡಿಸಿದ್ದನ್ನು ನಿನ್ನ ಮಾತಿನಲ್ಲೇ ಹೇಳಪ್ಪ ಎಂದರು. ಸಾಮು ಹೊಸ ಬಿಳಿ ಅಂಗಿಯಲ್ಲಿ ನಿಂತಿದ್ದ. ನನ್ನ ಕಡೆ ಒಮ್ಮೆ ನೋಡಿದ.

"ನೆನಪಾಗ್ತಿಲ್ಲ ಅಯ್ಯನವರೇ," ಎಂದ. "ಅಕ್ಕ ಓದಿದ್ಳು."

ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಇಲ್ಲ — ಎದ್ದು ನಿಂತು, ನಗುತ್ತಾ ಹೇಳಿದೆ: "ಎಷ್ಟು ಓದಿದ್ರೂ ಇವನ ತಲೆಗೆ ಹತ್ತಲ್ಲ ಅಯ್ಯನವರೇ. ಪಾತ್ರೆ ತೊಳೆಯೋ ತಲೆ."

ಜನ ನಕ್ಕರು. ಇನ್ನೊಂದು ವರ್ಷ ಹೋಗಲಿ ಎಂದು ಅಯ್ಯನವರು ಪಟ್ಟಿ ಮಡಚಿದರು. ಸಾಮು ಮತ್ತೆ ಸಭೆಗೆ ಬರಲಿಲ್ಲ. ಭಾನುವಾರವೂ ಕೆಲಸ ಕೇಳಿ ಹಾಕಿಸಿಕೊಂಡ. ನಾನು ಮಾತ್ರ ಪ್ರತಿ ತಿಂಗಳು ಮುಂದೆ ಹೋಗಿ, ಎರಡು ಕೈ ಚಾಚಿ, ರೊಟ್ಟಿ ತಿಂದು, ರಸ ಕುಡಿದು ಬಂದೆ. ಮೂರು ವರ್ಷ. ಗಂಟಲಲ್ಲಿ ಸಿಕ್ಕಿಕೊಳ್ಳಲೂ ಇಲ್ಲ.

ಹೋದ ತಿಂಗಳು, ಯಾವ ಮುಖ ಇಟ್ಟುಕೊಂಡೋ, ಮತ್ತೆ ಪಟ್ಟಿ ತರೋಣವಾ, ಈ ಸಲ ನಾನು ಓದುತ್ತೇನೆ ಎಂದೆ. ಅವನು ಊಟ ಮಾಡುತ್ತಿದ್ದ.

"ನಾಲ್ಕನೇ ಅಧ್ಯಾಯಕ್ಕೆ ನಿಲ್ಸಿದ್ದೆ ನೀನು," ಎಂದ. "ಅಕ್ಷರ ಬರಲ್ಲ ಅಷ್ಟೇ. ಅಂಕಿ ಬರುತ್ತಕ್ಕಾ ನಂಗೆ. ದಿನಾ ನಂಬರ್ ನೋಡಿ ಬಸ್ ಹತ್ತಲ್ವಾ."

ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಅನ್ನ ಕಲಸುತ್ತಲೇ ಇದ್ದ.

"ಓದಿದೋಳು ನೀನು. ಅಷ್ಟು ಜನದ ಮುಂದೆ ನಿನ್ನ ಮಾನ ಹೋಗ್ತಿತ್ತು."

ದಡ್ಡ ಎಂದು ನಾನು ನಗೆಪಾಟಲು ಮಾಡಿದ್ದು ಇವನನ್ನು. ಈ ಮಾತಿನ ಮುಂದೆ ನನ್ನ ಏಳನೇ ಕ್ಲಾಸು — ಥೂ.

ಮನೆಯೊಳಗೆ ಕ್ಷಮೆ ಕೇಳುವುದು ಸುಲಭವಿತ್ತು. ಅವಮಾನ ಮಾಡಿದ್ದು ಸಭೆಯಲ್ಲಿ. ಹೋದ ಭಾನುವಾರ ರಜೆ ಹಾಕಿಸಿ ಅವನನ್ನು ಕರೆದುಕೊಂಡು ಹೋದೆ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ಒಬ್ಬೊಬ್ಬರೇ ಎದ್ದು ತಮ್ಮ ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾನು ಎದ್ದೆ. ಜನರ ಕಡೆ ನೋಡದೆ ಬಾಗಿಲ ಕಡೆಗೇ ತಿರುಗಿ ಹೇಳಿದೆ:

"ಸಾಮು, ನಾನು ನಿಂಗೆ ಓದಿ ಹೇಳ್ಲಿಲ್ಲ. ಓದಿದ್ದೀನಿ ಅಂತ ಸುಳ್ಳು ಗುರುತು ಹಾಕ್ದೆ. ಇಲ್ಲೇ ನಿಂತು, ಇವ್ರೆಲ್ಲರ ಮುಂದೆ ನಿನ್ನ ದಡ್ಡ ಅಂದೆ. ನೀನು ದಡ್ಡ ಅಲ್ಲ. ತಪ್ಪು ನಂದು. ಕ್ಷಮಿಸಪ್ಪ."