ಎದೆಯವರೆಗಿನ ಅಳತೆ

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ನಾನು ಇಂಡಿ ತಾಲೂಕಿನಲ್ಲಿ ಹೊಲ ಅಳೆಯುವ ಮೋಜಣಿದಾರ. ಒಂದು ಮಧ್ಯಾಹ್ನ ಖಾಸಿಂಬಿ ಎಂಬ ಮುದುಕಿಯ ನಿಂಬೆ ತೋಟದ ಅರ್ಧ ಅಳತೆ ಮುಗಿಸಿ, ಚಪ್ಪಲಿ ಬಿಟ್ಟು, ಗಿಡದ ನೆರಳಲ್ಲಿ ಕಾಲು ಚಾಚಿ ಕುಳಿತಿದ್ದೆ. ಕಾಲಿನ ಉಂಗುಟದ ಮೇಲೆ ಒಂದು ಒಣಕಡ್ಡಿ ಬಿದ್ದಿತ್ತು. ತೆಗೆಯಲು ಬಾಗಿದರೆ ಕಡ್ಡಿ ತಾನೇ ಕಾಲು ಬಿಚ್ಚಿ ನಡೆಯತೊಡಗಿತು.

ಹೌಹಾರಿ, "ಏನಿದು? ಕಡೀತೈತೇನು?" ಎಂದೆ.

"ಕಡಿಯೂದಿಲ್ರಿ ಸಾಹೇಬ್ರ, ವಿಷಾನೂ ಇಲ್ಲ," ಎಂದಳು ಖಾಸಿಂಬಿ, ನಿಂಬೆಹಣ್ಣು ಆರಿಸುವುದನ್ನು ಬಿಡದೆ. "ಕಡ್ಡಿಹುಳ ಅದು. ಎಲಿ ತಿಂತೈತಿ. ಮನಷ್ಯಾರನ್ನ ಬರೇ ಅಳೀತೈತಿ."

"ಊರ ಹೊಲಾ ಅಳಿಯಾಂವ ನಾನು. ನನ್ನ ಇದು ಅಳೀತೈತೇನು?"

"ನಮ್ಮ ಮನಿಯವರನ್ನೂ ಇಲ್ಲೇ ಅಳದಿತ್ರಿ, ಉಂಗುಟದಿಂದ ನೆತ್ತಿತನಕ. ಎಂಟ ದಿನದಾಗ ಗೋರಿ ತೋಡಿದ್ವಿ."

ನಗಬೇಕೆಂದುಕೊಂಡೆ, ಆಗಲಿಲ್ಲ; ಹುಳವನ್ನು ಕೊಡವಲೂ ಧೈರ್ಯ ಬರಲಿಲ್ಲ. ಹುಳ ಮೊಣಕಾಲು ದಾಟಿತು, ಸೊಂಟ ದಾಟಿತು. ಹೆಜ್ಜೆ ಹೆಜ್ಜೆಗೂ ನಿಂತು, ನಾನು ಅಳತೆಯ ಸರಪಳಿ ಬಿಗಿಮಾಡುವ ಹಾಗೆಯೇ ಮೈ ಜಗ್ಗಿ ಮುಂದೆ ಹೋಗುತ್ತಿತ್ತು. ಎದೆಯ ಮೇಲೆ ಬಂದು ತೂಗಾಡತೊಡಗಿತು. ತೋಟದಲ್ಲಿ ಗಾಳಿ ಇರಲಿಲ್ಲ.

ಆಗ ಮುದುಕಿ ಎದ್ದು ಬಂದು ಒಂದು ಹಸಿ ಟೊಂಗೆ ಹಿಡಿದಳು. ಹುಳ ಅದನ್ನು ಹತ್ತಿ ಮತ್ತೆ ಕಡ್ಡಿಯಾಯಿತು.

"ಎದಿತನಕ ಆತು," ಎಂದಳು.

ತೋಟದ ಉಳಿದರ್ಧವನ್ನು ಬೇರೊಬ್ಬ ಮೋಜಣಿದಾರನಿಗೆ ಬಿಟ್ಟು, ಸಿಂದಗಿಗೆ ವರ್ಗ ಮಾಡಿಸಿಕೊಂಡೆ. ಅರ್ಧಕ್ಕೆ ನಿಂತ ಅಳತೆಯನ್ನು ನಿಂತ ಜಾಗದಿಂದಲೇ ಮುಂದುವರಿಸಬೇಕು ಎಂಬುದು ನಮ್ಮ ಇಲಾಖೆಯ ಕಾಯ್ದೆ. ಹುಳದ ಕಾಯ್ದೆ ಏನಿದೆಯೋ, ಖಾಸಿಂಬಿಯನ್ನು ಕೇಳಲಿಲ್ಲ.