ಸೋದರಮಾವನನ್ನು ಕೊನೆಗಿಟ್ಟ ಮೇಷ್ಟ್ರು

ಶಿವಮಲ್ಲಪ್ಪ ಮೇಷ್ಟ್ರು ಹೋಟೆಲಿಗೆ ಹೋದರೆ ಮೊದಲು ಅಡುಗೆಮನೆಗೆ ಇಣುಕುತ್ತಿದ್ದರು. ಕಾವಲಿ ಕಾದಿದೆಯೇ, ಇಡ್ಲಿ ಇಳಿದಿದೆಯೇ ಎಂದು ನೋಡಿ, ಯಾವುದು ಬೇಗ ಬಂದೀತೆಂದು ಯೋಚಿಸಿ ಆಮೇಲೆ ತಿಂಡಿ ಹೇಳುವರು. ಅಷ್ಟರಲ್ಲಿ ನನ್ನ ತಿಂಡಿ ಮುಗಿದಿರುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ತಿ. ನರಸೀಪುರದ ಕಂಪ್ಯೂಟರ್ ಸೆಂಟರೊಂದರಲ್ಲಿ ಅವರು ಡೇಟಾಬೇಸ್ ಕಲಿಸುತ್ತಿದ್ದರು, ನಾನು ಟೈಪಿಂಗ್. ನಡುವಿನ ಗೋಡೆ ತೆಳು. ಅವರ ಪಾಠ ನನಗೂ ಬಾಯಿಪಾಠವಾಗಿತ್ತು.

“ಏನು ಬೇಕು ಅಂತ ಕೇಳೋದಷ್ಟೇ ನಿಮ್ ಕೆಲ್ಸ. ಎಂಗೆ ಉಡುಕಬೇಕು ಅಂತ ಕಂಪ್ಯೂಟ್ರೇ ಪ್ಲಾನ್ ಆಕತದೆ. ಸೋಮನಾಥಪುರದಿಂದ ಬರೋ ಉಡುಗೀರು ಯಾರು ಅಂದ್ರೆ, ಉಡುಗೀರನ್ನೆಲ್ಲ ನಿಲ್ಸಿ ಊರು ಕೇಳ್ಬೋದು. ಇಲ್ಲ, ಸೋಮನಾಥಪುರದೋರ್ನ ಕರ್ದು ಅವ್ರಲ್ಲಿ ಉಡುಗೀರ್ನ ಆರಿಸ್ಬೋದು. ಯಾವ್ದು ಮೊದ್ಲಾದ್ರೂ ಉತ್ತರ ಒಂದೇ ಕಣ್ರಪ್ಪಾ. ಕಮ್ಮಿ ಜನ ಇರೋ ಕಡೆಯಿಂದ ಶುರು ಮಾಡುದ್ರೆ ಕೆಲ್ಸ ಅಗುರ.”

ಈ ಜ್ಞಾನವನ್ನು ಮೇಷ್ಟ್ರು ತಮ್ಮ ತಂಗಿಯ ಮದುವೆಗೆ ಬಳಸಿದ್ದೇ ಎಡವಟ್ಟಾಯಿತು. ಪತ್ರಿಕೆ ಹಂಚಲು ದೂರದ ನಂಜನಗೂಡು ಮೊದಲು, ಬರುವ ದಾರಿಯಲ್ಲಿ ಸುತ್ತೂರು, ಸೋದರಮಾವನ ಮನೆ ಕೊನೆಗೆ. “ಇಂದ್ಗಡೆ ಬೀದೀಲೇ ಅದೆಯಲ್ಲ ಸಾ, ಯಾವಾಗ್ ಬೇಕಾದ್ರೂ ಓಗ್ಬೋದು” ಅಂದರು.

ಸಂತೆಗೆ ಬಂದ ಸುತ್ತೂರಿನ ನೆಂಟರು ಮಾವನಿಗೆ ಆಗಲೇ ಸುದ್ದಿ ಮುಟ್ಟಿಸಿದ್ದರು. ನಾವಿಬ್ಬರೂ ಎಲೆ ಅಡಿಕೆ ಹಿಡಿದು ಹೋದಾಗ ಅವರು ಜಗಲಿಯಿಂದ ಏಳಲಿಲ್ಲ.

“ಎಲ್ರಿಗೂ ಕೊಟ್ಟು ಮಿಕ್ಕಿದ್ದ ತಂದ್ಯೇನ್ಲಾ?”

“ಯಾರ್ನ ಮೊದ್ಲು ಕರುದ್ರೂ ಬರೋ ಜನ ಅವ್ರೇ ಅಲ್ವಾ ಮಾವ? ಕಂಪ್ಯೂಟ್ರೂ ಇಂಗೇ ಮಾಡದು.”

“ನಿನ್ ಕಂಪ್ಯೂಟ್ರುಗೆ ಸೋದರಮಾವ ಅವ್ನೇನ್ಲಾ?”

ಮೇಷ್ಟ್ರು ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದರು. ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವನೇ. “ಮಾವ ಬರ್ನಿಲ್ಲ ಅಂದ್ರೆ ನಾನು ಅಸೆಮಣೆ ಏರಕಿಲ್ಲ” ಎಂದು ತಂಗಿ ಮಂಜುಳ ಊಟ ಬಿಟ್ಟಳು.

ಮರುದಿನ ಮೇಷ್ಟ್ರು ಮಾವನ ಕಾಲಿಗೆ ಬಿದ್ದು ಪತ್ರಿಕೆ ಕೊಟ್ಟರು. ಆಮೇಲೆ ಸುತ್ತೂರು, ನಂಜನಗೂಡಿನ ಮನೆಮನೆಗೂ ಹೊಸದಾಗಿ ಹೋದರು. “ಆಗ್ಲೇ ಕರ್ದಿದ್ರಲ್ಲಪ್ಪ” ಅಂದವರಿಗೆ, “ಅದು ಲೆಕ್ಕಕ್ಕಿಲ್ಲ ಕಣಕ್ಕ. ಮಾವುನ್ನ ಕರ್ದು ಈಗ ಬಂದಿವ್ನಿ” ಎನ್ನುವರು. ಇಷ್ಟಾದರೂ ಮಾವ ಬರುತ್ತೇನೆಂದು ಬಾಯಿಬಿಟ್ಟು ಹೇಳಿರಲಿಲ್ಲ.

ನಾನು ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಆ ಮದುವೆಯಲ್ಲೇ. ಮುಂದೆ ಅವರು ಬೇರೆ ಊರಿನ ಕಾಲೇಜು ಸೇರಿದರು, ಮತ್ತೆ ಸಿಗಲಿಲ್ಲ. ಮುಹೂರ್ತ ಹತ್ತಿರವಾದರೂ ಅವರು ಛತ್ರದ ಬಾಗಿಲು ಬಿಟ್ಟು ಅಲುಗಲಿಲ್ಲ, ಕಣ್ಣು ರಸ್ತೆಯ ಮೇಲೆ. ಒಳಗೆ ವಾಲಗ ಜೋರಾಯಿತು. ತಿರುಗಿ ನೋಡಿದರೆ, ಅಡುಗೆಯವರ ಬಾಗಿಲಿನಿಂದ ಒಳಬಂದ ಮಾವ ಮಂಜುಳಳ ಕೈಹಿಡಿದು ಮಂಟಪ ಹತ್ತಿಸುತ್ತಿದ್ದರು. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡು ಎಲ್ಲರೆದುರು ಅತ್ತುಬಿಟ್ಟರು.

“ಬಂದವ್ರೆ ಸಾ,” ಅಂದರು. “ಬಂದವ್ರೆ.”